ಪಿಯುಸಿ ಮಗಳ ಖರ್ಚಿಗೆ: ಕ್ಯಾಷಾ, ಯುಪಿಐ ಸರ್ಕಲ್ಲಾ, ಸ್ವಂತ ಅಕೌಂಟಾ?

ಅಕ್ಕ, ಪಿಯುಸಿ ಓದೋ ಮಗಳಿಗೆ ಖರ್ಚಿನ ದುಡ್ಡು ಹೇಗೆ ಕೊಡ್ಲಿ ಅಂತ ಕೇಳಿದ್ರಲ್ಲ, ನಿಮ್ಗೆ ತಲೆ ಕೆಡಿಸ್ತಿರೋದು ದುಡ್ಡಲ್ಲ, ಅವ್ಳು ಅದ್ರಲ್ಲಿ ಏನ್ ಮಾಡ್ತಾಳೋ ಅನ್ನೋದು ಅನ್ಸತ್ತೆ.

ಮೊದ್ಲು ಕಣ್ಣಿಡೋ ವಿಷ್ಯ. ಕ್ಯಾಷ್ ಕೊಟ್ರೆ ಅವ್ಳು ಹೇಳಿದಷ್ಟೇ ಲೆಕ್ಕ. ಯುಪಿಐ ಸರ್ಕಲ್ ಅಂದ್ರೆ ನಿಮ್ಮ ಯುಪಿಐನ ಅವ್ಳೂ ತನ್ನ ಫೋನಿಂದ ಬಳಸೋ ವ್ಯವಸ್ಥೆ, ಅದ್ರಲ್ಲಿ ದುಡ್ಡು ನಿಮ್ಮ ಅಕೌಂಟಿಂದ್ಲೇ ಹೋಗೋದು, ಪ್ರತಿಯೊಂದೂ ಕಾಣತ್ತೆ, ಅದ್ರಲ್ಲಿರೋ ಎರಡು ಆಯ್ಕೆಲಿ ‘ಪಾರ್ಶಿಯಲ್’ ಇಟ್ರಂತೂ ಪ್ರತಿ ಸಲ ನೀವೇ ಓಕೆ ಮಾಡ್ಬೇಕು, ಅಂದ್ರೆ ಅವ್ಳು ಗೋಬಿ ತಿಂದು ಸ್ಕ್ಯಾನ್ ಮಾಡಿ ನೀವು ಮೀಟಿಂಗಿಂದ ಹೊರಗೆ ಬರೋ ತನಕ ಫ್ರೆಂಡ್ಸ್ ಮುಂದೆ ಪೆಚ್ಚಾಗಿ ನಿಂತಿರ್ಬೇಕು. ‘ಫುಲ್’ ಇಟ್ರೆ ಆ ಕಾಟ ಇಲ್ಲ, ತಿಂಗಳಿಗೆ 15,000 ವರೆಗೆ ನಿಮ್ಗೆ ಬೇಕಾದ ಲಿಮಿಟ್, ಒಂದು ಸಲಕ್ಕೆ ಜಾಸ್ತಿ ಅಂದ್ರೆ 5,000. ಆದ್ರೆ ದಿನಾ ಸಂಜೆ ‘80 ರೂಪಾಯಿ ಯಾರಿಗೆ ಕೊಟ್ಟೆ’ ಅಂತ ವಿಚಾರಣೆ ಶುರು ಮಾಡಿದ್ರೆ ಫ್ರೆಂಡ್ಸ್ ಹತ್ರ ಸಾಲ ಮಾಡೋಕೆ ಕಲೀತಾಳೆ ಅಷ್ಟೇ.

ಜವಾಬ್ದಾರಿ ಕಲಿಯೋಕೆ ನನ್ ಪ್ರಕಾರ ಸ್ವಂತ ಅಕೌಂಟೇ ವಾಸಿ. 10 ವರ್ಷ ದಾಟಿದ ಮಕ್ಕಳು ತಾವೇ ಸೇವಿಂಗ್ಸ್ ಅಕೌಂಟ್ ನಡೆಸ್ಬಹುದು ಅಂತ ಆರ್‌ಬಿಐ ರೂಲ್ಸಲ್ಲೇ ಇದೆ, ಕಾರ್ಡು ಲಿಮಿಟ್ಟು ಎಲ್ಲ ಬ್ಯಾಂಕ್ ಮೇಲೆ ಹೋಗತ್ತೆ. ಓವರ್‌ಡ್ರಾಫ್ಟ್, ಅಂದ್ರೆ ಅಕೌಂಟಲ್ಲಿ ಇರೋದಕ್ಕಿಂತ ಜಾಸ್ತಿ ತೆಗೆಯೋದು, ಸಿಗಲ್ಲ, ಹೋದ್ರೆ ಒಳಗಿದ್ದಷ್ಟೇ ಹೋಗೋದು. 20ನೇ ತಾರೀಕಿಗೇ ಖಾಲಿ ಆಯ್ತಾ, ಆಗ್ಲಿ ಬಿಡಿ, ತಕ್ಷಣ ತುಂಬ್ಬೇಡಿ.

ಮನೇಲೇ ಇದ್ದು ಬಸ್ಸಲ್ಲಿ ಹೋಗಿ ಬರೋಳಾದ್ರೆ ವಾರದ ಕ್ಯಾಷ್ ಸಾಕು. ಹಾಸ್ಟೆಲ್ ಆದ್ರೆ ಅಕೌಂಟ್ ಮಾಡ್ಸಿ, ಎಮರ್ಜೆನ್ಸಿಗೆ ಫುಲ್ ಸರ್ಕಲ್ ಇರ್ಲಿ. ಆನ್‌ಲೈನ್ ಗೇಮಲ್ಲಿ ಈಗಾಗ್ಲೇ ದುಡ್ಡು ಕಳ್ಕೊಂಡಿದ್ರೆ ಮಾತ್ರ ಪಾರ್ಶಿಯಲ್, ಅದೂ ಯಾವಾಗ ತೆಗಿತೀವಿ ಅಂತ ಮೊದ್ಲೇ ಅವ್ಳಿಗೆ ಹೇಳಿ.