ಸಾಮೀಪ್ಯ ಸಂವೇದಕಕ್ಕೆ ಯಾವ ಎಲ್‌ಇಡಿ, ಯಾವ ಗ್ರಾಹಕ?

ಸಾಮೀಪ್ಯ ಸಂವೇದಕದಲ್ಲಿ ಎಲ್‌ಇಡಿ ಬೆಳಕು ಸೂಸುತ್ತದೆ, ಎದುರಿನ ವಸ್ತುವಿಗೆ ತಾಗಿ ಮರಳಿದ ಬೆಳಕನ್ನು ಗ್ರಾಹಕ ಹಿಡಿದು ವಸ್ತು ಹತ್ತಿರವಿದೆ ಎಂದು ತಿಳಿಸುತ್ತದೆ. ಚಿಕ್ಕಮಗಳೂರಿನ ಕಾಫಿ ಒಣಗಿಸುವ ಕಣದ ಬಿಸಿಲಿನಲ್ಲಿಡುವ ಸಂವೇದಕಕ್ಕೂ ಹಾಸನದ ಕಾಲೇಜಿನ ಮೇಜಿನ ಮೇಲೆ ಓಡುವ ಪುಟ್ಟ ರೋಬೋಗೂ ಒಂದೇ ಜೋಡಿ ಹೊಂದುವುದಿಲ್ಲ. ಎಲ್‌ಇಡಿ ಸೂಸುವ ತರಂಗಾಂತರಕ್ಕೆ ಗ್ರಾಹಕ ಸ್ಪಂದಿಸಬೇಕೆಂಬುದಂತೂ ಎರಡಕ್ಕೂ ಮೊದಲ ನಿಯಮ.

ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ರೋಧ ಬದಲಿಸುವ ಬಿಡಿಭಾಗ) ಅಗ್ಗವಾದರೂ ನಿಧಾನ, ಇಂಥ ಸಂವೇದಕಗಳು ಬಳಸುವ ಇನ್‌ಫ್ರಾರೆಡ್‌ಗೆ, ಅಂದರೆ ಕೆಂಪಿನಾಚೆಯ ಬೆಳಕಿಗೆ, ಬಹುಮಟ್ಟಿಗೆ ಕುರುಡು. ಅದನ್ನು ಕೈಬಿಡುವುದೇ ಲೇಸು.

850 ನ್ಯಾನೋಮೀಟರ್ ತರಂಗಾಂತರದ ಇನ್‌ಫ್ರಾರೆಡ್ ಎಲ್‌ಇಡಿ ಕತ್ತಲಲ್ಲಿ ಮಸುಕಾದ ಕೆಂಪಾಗಿ ಕಾಣುತ್ತದೆ, 940ರದ್ದು ಕಣ್ಣಿಗೆ ಕಾಣುವುದಿಲ್ಲ. ಫೋಟೋಟ್ರಾನ್ಸಿಸ್ಟರ್, ಫೋಟೋಡಯೋಡ್‌ನಂಥ ಸಿಲಿಕಾನ್ ಗ್ರಾಹಕಗಳು ಎರಡನ್ನೂ ಗ್ರಹಿಸುತ್ತವೆ. ಆದರೆ ವಾತಾವರಣದ ನೀರಾವಿಯು 940ರ ಆಸುಪಾಸಿನ ಸೂರ್ಯಕಿರಣವನ್ನು ಒಂದಿಷ್ಟು ಹೀರಿಕೊಳ್ಳುವುದರಿಂದ, ಹೊರಾಂಗಣದಲ್ಲಿ ಹಿನ್ನೆಲೆಯ ಬೆಳಕಿನ ಕಾಟ ಅಲ್ಲಿ ಕಡಿಮೆ. ನನ್ನ ಒಲವು 940ರತ್ತಲೇ.

ಫೋಟೋಟ್ರಾನ್ಸಿಸ್ಟರ್ ಬೆಳಕಿನಿಂದ ಹುಟ್ಟಿದ ವಿದ್ಯುತ್ತನ್ನು ತಾನೇ ವರ್ಧಿಸುವುದರಿಂದ, ಒಂದು ರೆಸಿಸ್ಟರ್ ಸೇರಿಸಿ ನೇರವಾಗಿ ಮೈಕ್ರೋಕಂಟ್ರೋಲರ್ ಬೋರ್ಡಿನ ಅನಲಾಗ್ ಪಿನ್ನಿಗೆ (ವೋಲ್ಟೇಜ್ ಅಳೆಯುವ ಪಿನ್ನಿಗೆ) ಕೊಡಬಹುದು. ಎಲ್‌ಇಡಿ ಹೊತ್ತಿದಾಗೊಮ್ಮೆ, ಆರಿದಾಗೊಮ್ಮೆ ಅಳೆದು ವ್ಯತ್ಯಾಸ ತೆಗೆದರೆ ಕೋಣೆಯ ಬೆಳಕು ಲೆಕ್ಕದಿಂದ ಕಳೆದುಹೋಗುತ್ತದೆ. ರೋಬೋಗೆ ಇಷ್ಟು ಸಾಕು. ಫೋಟೋಡಯೋಡ್ ಇನ್ನೂ ವೇಗದ್ದು, ಅದರ ವಿದ್ಯುತ್ತು ಬೆಳಕಿಗೆ ನಿಖರವಾಗಿ ಅನುಪಾತದಲ್ಲಿರುತ್ತದೆ, ಆದರೆ ಅದನ್ನು ವರ್ಧಿಸಲು ಆಪ್‌ಆಂಪ್ ಎಂಬ ವರ್ಧಕ ಚಿಪ್ ಬೇಕು.

ನೇರ ಬಿಸಿಲಿನಲ್ಲಿ ಫೋಟೋಟ್ರಾನ್ಸಿಸ್ಟರ್ ತನ್ನ ಮಿತಿ ಮುಟ್ಟಿ, ಎಷ್ಟು ಕಳೆದರೂ ವ್ಯತ್ಯಾಸವೇ ಸಿಗದಂತಾಗುತ್ತದೆ. ಕಣದಲ್ಲಿ ಎಲ್‌ಇಡಿಯನ್ನು ಸೆಕೆಂಡಿಗೆ 38,000 ಸಲ ಮಿನುಗಿಸಿ, ಆ 38 ಕಿಲೋಹರ್ಟ್ಸ್ ಮಿಡಿತವನ್ನಷ್ಟೇ ಹೆಕ್ಕುವ ಟಿಎಸ್‌ಒಪಿ ಮಾದರಿಯ ರಿಸೀವರ್ (ಸಿದ್ಧ ಗ್ರಾಹಕ ಚಿಪ್) ಬಳಸುವುದು ಮೇಲು. ನೆರಳಿಗೊಂದು ಕೊಳವೆ ತೊಡಿಸಬೇಕು. ಈ ರಿಸೀವರ್ ದೂರವನ್ನು ಹೇಳದು, ವಸ್ತು ಇದೆಯೋ ಇಲ್ಲವೋ ಎಂಬುದನ್ನಷ್ಟೇ ತಿಳಿಸುತ್ತದೆ. ಮಿಡಿತವನ್ನು ಎಡೆಬಿಡದೆ ಕಳುಹಿಸಿದರೆ ಅದು ತನ್ನ ಸೂಕ್ಷ್ಮತೆಯನ್ನು ತಗ್ಗಿಸಿಕೊಳ್ಳುವುದರಿಂದ ನಡುನಡುವೆ ಬಿಡುವು ಕೊಡಬೇಕು. 3.3 ವೋಲ್ಟ್ ಬೋರ್ಡಿಗೆ 5 ವೋಲ್ಟಿನ ಟಿಎಸ್‌ಒಪಿ1738 ಬದಲು ಟಿಎಸ್‌ಒಪಿ38238 ಕೊಳ್ಳಿ.