ಎಡಗೈ ಬಾಕ್ಸರ್‌ನನ್ನು ಎದುರಿಸೋ ಕ್ಲಾಸ್: ಕೊಟ್ಟ ದುಡ್ಡಿಗೆ ಮೋಸ ಇಲ್ಲ

ನಮ್ಮ ಏರಿಯಾದ ಬಾಕ್ಸಿಂಗ್ ಜಿಮ್‌ನಲ್ಲಿ ಭಾನುವಾರ ಬೆಳಗ್ಗೆ ಸೌತ್‌ಪಾ (ಅಂದರೆ ಎಡಗೈ ಬಾಕ್ಸರ್) ಕ್ಲಾಸ್ ನಡೆಯುತ್ತದೆ. ನುಗ್ಗಿ ಬರುವ ಎಡಗೈ ಬಾಕ್ಸರ್‌ನನ್ನು ಹೇಗೆ ತಡೆಯಬೇಕು ಅನ್ನುವುದಷ್ಟೇ ಪಾಠ. ನಾನು ಬಲಗೈಯವನು, ಸ್ಪಾರಿಂಗ್ (ಅಭ್ಯಾಸದ ಗುದ್ದಾಟ) ಜೊತೆಗಾರ ಎಡಚ. ಅದಕ್ಕೇ ಸೇರಿದೆ.

ಕೋಚ್ ಮೊದಲು ತಿದ್ದುವುದು ಕಾಲನ್ನು. ನೆಲಕ್ಕೆ ಟೇಪ್ ಅಂಟಿಸಿ, ನಮ್ಮ ಎಡಪಾದ ಎದುರಿನ ಎಡಚನ ಬಲಪಾದದ ಹೊರಗೇ ಇರಬೇಕು ಅಂತ ಪಟ್ಟು ಹಿಡಿಯುತ್ತಾರೆ. ಹಾಗೆ ನಿಂತರೆ ನಮ್ಮ ಬಲಗೈಗೆ ಅವನ ಮುಖಕ್ಕೆ ನೇರ ದಾರಿ, ಅವನ ಎಡಗೈ ನಮ್ಮಿಂದ ದೂರ. ಜ್ಯಾಬ್, ಅಂದರೆ ನಮ್ಮ ಮುಂದಿನ ಎಡಗೈಯ ನೇರ ಗುದ್ದು, ಜಾಸ್ತಿ ಸಲ ಅವನ ಮುಂದಿನ ಕೈಗೇ ಡಿಕ್ಕಿ ಹೊಡೆಯುತ್ತದೆ, ಆಗಾಗ ಬಲಗೈಯಲ್ಲೇ ಶುರು ಮಾಡಿ ಅಂತಾರೆ.

ಆಮೇಲೆ ಫೋನ್‌ನಲ್ಲಿ ಪಂದ್ಯ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಾರೆ. ನನಗೆ ಇದೇ ಇಷ್ಟ. 2012ರ ಡಿಸೆಂಬರ್, ಲಾಸ್ ವೇಗಸ್. ಆರನೇ ಸುತ್ತು ಮುಗಿಯುವ ಹೊತ್ತಿಗೆ ಎಡಚ ಬಾಕ್ಸರ್ ಪಕ್ಯಾವೊ ನುಗ್ಗಿದ, ಎದುರಾಳಿ ಮಾರ್ಕೆಜ್‌ನ ಬಲಗೈ ಗುದ್ದಿಗೆ ಬೋರಲು ಬಿದ್ದ. ಅವನು ಬಂದ ವೇಗವೇ ಗುದ್ದಿನ ತೂಕ ಹೆಚ್ಚಿಸಿತು. 2015ರಲ್ಲಿ ಮೇವೆದರ್ ಅದೇ ಪಕ್ಯಾವೊನನ್ನು ಕೆಡವಲಿಲ್ಲ. ನೇರ ಬಲಗೈ ಹೊಡೆದ, ಹತ್ತಿರ ಬಂದರೆ ತಬ್ಬಿ ಹಿಡಿದ, ಪಾಯಿಂಟ್ಸ್ ಮೇಲೆ ಗೆದ್ದ. ನೋಡೋಕೆ ಬೇಜಾರು, ಆದರೂ ಕೆಲಸ ಆಯ್ತು ಅಲ್ವಾ?

ಕೊರತೆ ಇದೆ. ಬ್ಯಾಚ್‌ನಲ್ಲಿ ನಿಜವಾದ ಎಡಚರು ಕಡಿಮೆ. ಬಲಗೈಯವರೇ ಉಲ್ಟಾ ನಿಂತು ಹೊಡೆಯುತ್ತಾರೆ, ಅವರ ಎಡಗೈಯಲ್ಲಿ ಆ ಖಡಕ್ ಇರಲ್ಲ. ಜಿಮ್‌ನ ಗ್ಲೌಸ್ ಗಬ್ಬು ನಾರುತ್ತವೆ, ನಿಮ್ಮದೇ ಒಯ್ಯಿರಿ. ಹೊಸಬರು ಮೊದಲು ಬೇಸಿಕ್ ಬ್ಯಾಚ್ ಮುಗಿಸಿ ಬನ್ನಿ.