ಸ್ವಿಫ್ಟ್‌ಗೆ ಹಾಕಿಸಿದ ಲೆದರ್ ಸೀಟು, ಎರಡು ಬೇಸಿಗೆ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಲೆದರ್‌ಗಿಂತ ಹೊಲಿಗೆಗೆ ಕೊಟ್ಟ ದುಡ್ಡೇ ನನಗೆ ದಕ್ಕಿದ್ದು.

ಕಾರು 2024ರ ಸ್ವಿಫ್ಟ್, ಕಂಪನಿಯಿಂದ ಬಂದಿದ್ದು ಬಟ್ಟೆ ಸೀಟು. ಕೆಲಸಕ್ಕೆ ಮೈಸೂರಿನಿಂದ ಮಂಡ್ಯಕ್ಕೆ ಓಡಾಟ, ಹಿಂದಿನ ಸೀಟಿನಲ್ಲಿ ಮಕ್ಕಳು. ಬಟ್ಟೆ ಸೀಟಿಗೆ ಎಳನೀರು ಚೆಲ್ಲಿದರೆ ಕಲೆ ಜಪ್ಪಯ್ಯ ಅಂದರೂ ಹೋಗಲ್ಲ.

ಮೈಸೂರಿನಲ್ಲೇ ನಾಲ್ಕೈದು ಕಡೆ ವಿಚಾರಿಸಿದೆ. ಒಬ್ಬರು 'ಪ್ಯೂರ್ ಲೆದರ್ ಸಾರ್, ಹದಿನೈದು ಸಾವಿರ, ಸಂಜೆಗೆ ರೆಡಿ' ಅಂದರು. ಆ ರೇಟಿಗೆ ಐದು ಸೀಟಿಗೆ ಅಸಲಿ ಚರ್ಮ ಎಲ್ಲಿಂದ ಬರಬೇಕು? ಸ್ಯಾಂಪಲ್ ತುಂಡಿನ ಕತ್ತರಿಸಿದ ಅಂಚು ನೋಡಿದೆ, ಕೆಳಗೆ ನೇಯ್ದ ಬಟ್ಟೆ ಕಾಣುತ್ತಿತ್ತು. ಅಂದರೆ ಪಿಯು ಅನ್ನುವ ಕೃತಕ ಲೆದರ್, ನಮ್ಮ ರೆಕ್ಸಿನ್ ಜಾತಿಯದೇ. ಅಸಲಿ ಆದರೆ ಹಿಂಬದಿ ನಾರುನಾರಾಗಿ ಇರುತ್ತದೆ.

ಕೊನೆಗೆ ಮಾಡಿಸಿದ್ದು ಸೀಟು ಪೂರ್ತಿ ಬಿಚ್ಚಿ, ಹಳೇ ಕವರಿನ ಅಳತೆಗೇ ಕತ್ತರಿಸಿ ಹೊಲಿಯುವವರ ಹತ್ತಿರ. ಚರ್ಮ ತಮಿಳುನಾಡಿನ ಆಂಬೂರು ಕಡೆಯಿಂದ ತರಿಸುತ್ತಾರಂತೆ. ಖರ್ಚು ಅರವತ್ತು ಸಾವಿರ ದಾಟಿತು. ಅದರಲ್ಲೂ ಮೈ ತಾಗುವ ಜಾಗಕ್ಕೆ ಮಾತ್ರ ಚರ್ಮ, ಸೀಟಿನ ಪಕ್ಕಕ್ಕೆ ಮತ್ತು ಹಿಂಬದಿಗೆ ಪಿಯು. ಇದೇನು ಮೋಸ ಅಲ್ಲ, ಕಾರು ಕಂಪನಿಗಳೂ ಎಷ್ಟೋ ಕಾರಿಗೆ ಹೀಗೇ ಮಾಡುತ್ತವೆ. ಆದರೆ ಎಲ್ಲಿಗೆ ಯಾವುದು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಈಗ ಮುಖ್ಯವಾದ ವಿಷಯ. ಈ ಕಾರಿನಲ್ಲಿ ಆರು ಏರ್‌ಬ್ಯಾಗ್, ಅದರಲ್ಲಿ ಎರಡು ಮುಂದಿನ ಸೀಟುಗಳ ಬಾಗಿಲ ಕಡೆಯ ಮಗ್ಗುಲಲ್ಲೇ ಇವೆ. ಅಪಘಾತವಾದರೆ ಅಲ್ಲಿನ ಹೊಲಿಗೆ ಹರಿದುಕೊಂಡು ಬ್ಯಾಗ್ ಹೊರಗೆ ಬರಬೇಕು. ಗಟ್ಟಿಯಾಗಲಿ ಅಂತ ಯಾರಾದರೂ ದಪ್ಪ ದಾರದಲ್ಲಿ ಡಬಲ್ ಹೊಲಿಗೆ ಹಾಕಿದರೆ ಕಥೆ ಮುಗೀತು. ನಮ್ಮ ಮೇಸ್ತ್ರಿ ಹಳೇ ಕವರ್ ಒಳಮಗ್ಗುಲು ತಿರುಗಿಸಿ, ಬೇರೆ ಕಡೆ ಇರುವ ದಾರಕ್ಕೂ ಅಲ್ಲಿನ ದಾರಕ್ಕೂ ಇರುವ ವ್ಯತ್ಯಾಸ ಬೆರಳಿಟ್ಟು ತೋರಿಸಿದರು. ಅಷ್ಟುದ್ದಕ್ಕೆ ತೆಳು ದಾರವನ್ನೇ ಹಾಕಿದರು. ಸೀಟಿನ ಕೆಳಗೆ ಏರ್‌ಬ್ಯಾಗ್ ವೈರಿನ ಹಳದಿ ಕನೆಕ್ಟರ್ ತೆಗೆಯುವ ಮುಂಚೆ ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೋಷ ತೋರಿಸುವ ಲೈಟು ಇವತ್ತಿನವರೆಗೂ ಬಂದಿಲ್ಲ. ಇದನ್ನು ಕೇಳಿದಾಗ 'ಏನೂ ಆಗಲ್ಲ ಬಿಡಿ ಸಾರ್' ಅನ್ನುವವರ ಹತ್ತಿರ ಕಾರು ಬಿಡಬೇಡಿ.

ಬಳಕೆಯಲ್ಲಿ ಹೇಗಿದೆ? ಮಂಡ್ಯದಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಕಾದ ಕಾವಲಿ. ನಡುವೆ ತೂತಿನ ಲೆದರ್ ಹಾಕಿಸಿದ್ದರೂ ಏಸಿ ಹತ್ತುವವರೆಗೆ ಬೆನ್ನು ಬೆವರುತ್ತದೆ. ಹೊಸ ಜೀನ್ಸಿನ ನೀಲಿ, ತಿಳಿ ಕಂದು ಬಣ್ಣದ ಸೀಟಿನ ಮೇಲೆ ಇಳಿಯಿತು, ಉಜ್ಜಿದರೂ ಪೂರ್ತಿ ಹೋಗಿಲ್ಲ. ಮಳೆಗಾಲದಲ್ಲಿ ಒಂದು ವಾರ ಕಾರು ತೆಗೆಯದೆ ಬಿಟ್ಟಾಗ ಬೆಲ್ಟಿನ ಕೆಳಗೆ ಬಿಳಿ ಬೂಷ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಬಿಟ್ಟ ಮೇಲೆ ಮತ್ತೆ ಬಂದಿಲ್ಲ. ಡ್ರೈವರ್ ಸೀಟಿನಲ್ಲಿ ಇಳಿಯುವಾಗ ತೊಡೆ ಉಜ್ಜುವ ಅಂಚು ಸುಕ್ಕಾಗಿದೆ, ಬಿರುಕು ಬಿಟ್ಟಿಲ್ಲ. ಎಲ್ಲಿಯೂ ಹೊಲಿಗೆ ಒಂದು ನೂಲೂ ಬಿಟ್ಟಿಲ್ಲ, ಕವರ್ ಜೋಲು ಬಿದ್ದಿಲ್ಲ. ಎಳನೀರಂತೂ ಒರೆಸಿದರೆ ಮುಗೀತು.

ವಾಟರ್ ವಾಶ್‌ನವರು ಹೊಳೆಯಲಿ ಅಂತ ಡ್ಯಾಶ್‌ಬೋರ್ಡ್ ಪಾಲಿಶ್ ಸೀಟಿಗೂ ಬಳಿಯುತ್ತಾರೆ, ಬೇಡ ಅನ್ನಿ. ಕೂತರೆ ಜಾರುತ್ತದೆ.

ಮಾರುವಾಗ ಈ ದುಡ್ಡು ವಾಪಸ್ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕೈದು ವರ್ಷ ಕಾರು ಇಟ್ಟುಕೊಳ್ಳುವವರು ಮಾಡಿಸಬಹುದು. ಬಜೆಟ್ ಕಮ್ಮಿ ಇದ್ದರೆ ಇದೇ ಥರ ಹೊಲಿಯುವವರ ಹತ್ತಿರ ಒಳ್ಳೆ ಪಿಯು ಹಾಕಿಸಿ, ಅರ್ಧಕ್ಕರ್ಧ ಉಳಿಯುತ್ತದೆ. ಸ್ಟೀರಿಂಗ್‌ಗೂ ಅವರ ಹತ್ತಿರವೇ ಲೆದರ್ ಸುತ್ತಿಸಿದ್ದೆ, ಅದೊಂದು ಹಿಡಿಸಲಿಲ್ಲ. ಕೈ ಬೆವರಿಗೆ ದಾರ ಕಪ್ಪಾಗಿದೆ. ಮುಂದಿನ ಸರ್ವೀಸ್ ಹೊತ್ತಿಗೆ ಬಿಚ್ಚಿಸಿಬಿಡುತ್ತೇನೆ.